ಇಂಗ್ಲಿಷ್ ವಾಕ್ಯದಲ್ಲಿ ಜಾಗವೇ ವಿಭಕ್ತಿ

ಇಂಗ್ಲಿಷ್ ವ್ಯಾಕರಣವನ್ನು ಎಲ್ಲಿಂದ ಶುರು ಮಾಡಬೇಕು ಎಂದು ಯಾರಾದರೂ ಕೇಳಿದರೆ ನಾನು ಹಲಗೆಯ ಮೇಲೆ ಎರಡು ವಾಕ್ಯ ಬರೆಯುತ್ತೇನೆ. ‘ದ ಟೈಗರ್ ಕಿಲ್ಡ್ ದ ಕೌ’, ‘ದ ಕೌ ಕಿಲ್ಡ್ ದ ಟೈಗರ್’. ಪದಗಳು ಅವೇ, ಒಂದಕ್ಷರವೂ ಬದಲಾಗಿಲ್ಲ. ಆದರೂ ಮೊದಲನೆಯದರಲ್ಲಿ ಸತ್ತದ್ದು ಹಸು, ಎರಡನೆಯದರಲ್ಲಿ ಹುಲಿ. ಕನ್ನಡದಲ್ಲಿ ‘ಹುಲಿ ಹಸುವನ್ನು ಕೊಂದಿತು’ ಎನ್ನಿ, ‘ಹಸುವನ್ನು ಹುಲಿ ಕೊಂದಿತು’ ಎನ್ನಿ, ‘ಕೊಂದಿತು ಹುಲಿ ಹಸುವನ್ನು’ ಎನ್ನಿ, ಸತ್ತದ್ದು ಹಸುವೇ. ‘ಅನ್ನು’ ಪ್ರತ್ಯಯ ಅಂಟಿಕೊಂಡ ಪದ ಎಲ್ಲಿದ್ದರೂ ಅದೇ ಕರ್ಮ.

ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತನಾದವನು ನಾನು. ಇಷ್ಟು ವರ್ಷ ಪಾಠ ಮಾಡಿ ನನಗೆ ಖಚಿತವಾದದ್ದು ಒಂದೇ: ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಪದ ನಿಂತ ಜಾಗ ಮಾಡುತ್ತದೆ. ಇದು ತಲೆಗೆ ಹೋದ ಮಗುವಿಗೆ ಮಿಕ್ಕ ನಿಯಮಗಳಲ್ಲಿ ಬಹುಪಾಲು ತಾವಾಗಿಯೇ ತಿಳಿಯುತ್ತವೆ.

ಇಂಗ್ಲಿಷಿಗೂ ಹಿಂದೆ ವಿಭಕ್ತಿಗಳಿದ್ದವು. ಸಾವಿರ ವರ್ಷದ ಹಿಂದಿನ ಆ ಭಾಷೆಯಲ್ಲಿ ನಾಮಪದದ ಕೊನೆ ನೋಡಿ ಎಷ್ಟೋ ಕಡೆ ಕರ್ತೃ ಯಾವುದು, ಕರ್ಮ ಯಾವುದು ಎಂದು ಹೇಳಬಹುದಿತ್ತು. ಒತ್ತು ಪದದ ಆರಂಭದ ಮೇಲೆ ಬೀಳುತ್ತಿದ್ದುದರಿಂದ ಕೊನೆಯ ಸ್ವರಗಳು ಸವೆಯುತ್ತಾ ಬಂದವು. ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗದಲ್ಲಿ ನೆಲೆಸಿದ ವೈಕಿಂಗರ ಮಾತಿನ ಬೆರಕೆಯಿಂದ ಈ ಸವೆತ ಹೆಚ್ಚಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. 1066ರಲ್ಲಿ ನಾರ್ಮನ್ನರು ಗೆದ್ದು ಫ್ರೆಂಚ್ ಆಸ್ಥಾನದ ಭಾಷೆಯಾದ ಮೇಲಂತೂ ಹಳೆಯ ರೂಪಗಳನ್ನು ಕಾಪಾಡುತ್ತಿದ್ದ ಬರವಣಿಗೆಯ ಹಿಡಿತವೇ ಸಡಿಲವಾಯಿತು. ‘ಹಿ’ಗೆ ‘ಹಿಮ್’, ‘ಐ’ಗೆ ‘ಮಿ’ ಎಂದು ಮಕ್ಕಳು ಬಾಯಿಪಾಠ ಮಾಡುವ ಸರ್ವನಾಮಗಳು ಆ ಕಾಲದ ಉಳಿಕೆ.

ಪ್ರತ್ಯಯ ಹೋದ ಮೇಲೆ ಜಾಗ ಬಿಗಿಯಾಯಿತು: ಮೊದಲು ಕರ್ತೃ, ನಡುವೆ ಕ್ರಿಯಾಪದ, ಆಮೇಲೆ ಕರ್ಮ. ನಾವು ‘ಹೋದೆನು’ ಎಂದರೆ ಹೋದವನು ನಾನು ಎಂಬುದು ಆ ಕ್ರಿಯಾಪದದಲ್ಲೇ ಇದೆ. ‘ವೆಂಟ್’ ಎಂದರೆ ಯಾರು ಹೋದರೋ ತಿಳಿಯದು. ಹಾಗಾಗಿ ಆಜ್ಞೆಯ ಮಾತು ಬಿಟ್ಟರೆ ಇಂಗ್ಲಿಷ್ ವಾಕ್ಯ ಕರ್ತೃವಿನ ಜಾಗವನ್ನು ಸಾಮಾನ್ಯವಾಗಿ ಖಾಲಿ ಬಿಡುವುದಿಲ್ಲ. ‘ಮಳೆ ಬರ್ತಿದೆ’ ಎನ್ನುವಲ್ಲಿ ‘ಇಟ್ ಈಸ್ ರೈನಿಂಗ್’. ಆ ‘ಇಟ್’ ಯಾವುದು ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಿದ್ದರು. ಅದಕ್ಕೆ ಅರ್ಥವಿಲ್ಲ, ಜಾಗ ತುಂಬಲು ನಿಂತಿದೆ ಎಂದು ಹೇಳಿದಾಗ ಅವರಿಗೆ ಸಮಾಧಾನವಾಗುತ್ತಿತ್ತು.

ನಮ್ಮ ಮಕ್ಕಳು ಹೆಚ್ಚು ಎಡವುವುದು ಚತುರ್ಥಿಯಲ್ಲಿ. ನನಗೆ ಹಸಿವು, ನನಗೆ ಗೊತ್ತು, ನನಗೆ ಬೇಕು: ಹಸಿವು, ತಿಳಿವು, ಆಸೆ ಎಲ್ಲ ಕನ್ನಡದಲ್ಲಿ ಮನುಷ್ಯನ ಕಡೆಗೆ ಬರುತ್ತವೆ. ಇಂಗ್ಲಿಷಿನಲ್ಲಿ ಅವನೇ ಕರ್ತೃವಿನ ಜಾಗದಲ್ಲಿ ನಿಲ್ಲಬೇಕು: ‘ಐ ಆಮ್ ಹಂಗ್ರಿ’, ‘ಐ ನೋ’, ‘ಐ ವಾಂಟ್’. ‘ಮಿ ಹಂಗ್ರಿ’ ಎಂದು ಬರೆದ ಮಗುವನ್ನು ದಡ್ಡ ಎನ್ನಬೇಡಿ. ಅದು ತನ್ನ ತಾಯಿನುಡಿಯ ವ್ಯಾಕರಣವನ್ನು ಶಿಸ್ತಾಗಿ ಪಾಲಿಸಿದೆ.

ಪ್ರಶ್ನೆಯಲ್ಲೂ ಜಾಗದ್ದೇ ಆಟ. ನಾವು ಕೊನೆಗೆ ಒಂದು ‘ಆ’ ಸೇರಿಸಿ ‘ಬಂದಳಾ?’ ಎನ್ನುತ್ತೇವೆ. ‘ಶಿ ಈಸ್ ಕಮಿಂಗ್’ನಲ್ಲಿ ‘ಈಸ್’ ಮುಂದಕ್ಕೆ ಬಂದರೆ ಪ್ರಶ್ನೆ. ಸಹಾಯಕ ಕ್ರಿಯಾಪದ ಇಲ್ಲದಲ್ಲಿ ‘ಡು’ವನ್ನು ತಂದು ಮುಂದೆ ನಿಲ್ಲಿಸುತ್ತಾರೆ. ಷೇಕ್ಸ್‌ಪಿಯರ್ ಕಾಲದಲ್ಲಿ ಮುಖ್ಯ ಕ್ರಿಯಾಪದವನ್ನೇ ಮುಂದೆ ತಂದು ಕೇಳುವುದೂ ರೂಢಿಯಲ್ಲಿತ್ತು. ಹೀಗೆ ಮುಂದೆ ಬಂದ ‘ಡು’ ಭೂತಕಾಲವನ್ನೂ ತಾನೇ ಹೊತ್ತು ‘ಡಿಡ್’ ಆಗುತ್ತದೆ. ಆದ್ದರಿಂದಲೇ ‘ಡಿಡ್ ಶಿ ಕಮ್’ ಸರಿ, ‘ಡಿಡ್ ಶಿ ಕೇಮ್’ ತಪ್ಪು. ಇಷ್ಟು ಕಾರಣ ಹೇಳಿದರೆ ಸಾಕು, ಆ ತಪ್ಪನ್ನು ಮಕ್ಕಳು ತಾವೇ ತಿದ್ದಿಕೊಳ್ಳುತ್ತಾರೆ.

ಅಲಂಕಾರಗಳ ಪಾಠಕ್ಕೆ ಬಂದರೆ ನನಗೆ ಬೇಸರವೇ ಆಗುತ್ತದೆ. ಸಿಮಿಲಿ, ಮೆಟಫರ್ ಎಂದು ಲಕ್ಷಣ ಉರು ಹೊಡೆಯುವ ಹುಡುಗಿ ಕನ್ನಡ ಪೀರಿಯಡ್ಡಿನಲ್ಲಿ ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮ ಎಂದು ಬಿಡಿಸಿ ಬರೆದು ಪೂರ್ತಿ ಅಂಕ ಪಡೆದಿರುತ್ತಾಳೆ. ‘ಅಂತೆ’ ಇರುವಲ್ಲಿ ‘ಲೈಕ್’ ಅಥವಾ ‘ಆ್ಯಸ್’ ಇದ್ದರೆ ಉಪಮೆ, ಅದೂ ಇಲ್ಲದೆ ಎರಡನ್ನೂ ಒಂದೇ ಎಂದರೆ ರೂಪಕ. ಹೈಪರ್ಬಲಿ ಎಂದರೆ ನಮ್ಮ ಅತಿಶಯೋಕ್ತಿಗೆ ಹತ್ತಿರದ್ದು. ಆನೊಮ್ಯಾಟೊಪಿಯ ಎಂಬ ಹೆಸರಿಗೆ ಹೆದರಬೇಕಿಲ್ಲ, ದಬದಬ, ಚಟಪಟ ಎಂಬ ಅನುಕರಣಾವ್ಯಯಗಳ ಜಾತಿ ಅದು. ‘ದೆಹಲಿ ಒಪ್ಪಲಿಲ್ಲ’ ಎಂದು ಪತ್ರಿಕೆ ಬರೆದರೆ ಒಪ್ಪದಿರುವುದು ಊರಲ್ಲ, ಅಲ್ಲಿನ ಸರ್ಕಾರ. ಇಂಗ್ಲಿಷಿನ ಮೆಟಾನಿಮಿ ಇದೇ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತನ್ನ ಮೂರನೆಯ ಪರಿಚ್ಛೇದವನ್ನು ಅರ್ಥಾಲಂಕಾರಗಳಿಗೇ ಮೀಸಲಿಟ್ಟಿದೆ, ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ವಿಭಕ್ತಿಗಳನ್ನು ವಿವರಿಸಿದ್ದಾನೆ. ಇಷ್ಟು ಹಿನ್ನೆಲೆಯಿರುವ ಭಾಷೆಯ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣವನ್ನು ಅ ಆ ಇ ಈಯಿಂದ ಹೇಳಿಕೊಡುವುದು ಅನ್ಯಾಯ.

ಇಂಗ್ಲಿಷ್ ಕಲಿಸುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಶಾಲೆ ತೆರೆದ ಮೊದಲ ವಾರ ಪಾರ್ಟ್ಸ್ ಆಫ್ ಸ್ಪೀಚ್ ಪಟ್ಟಿ ಬರೆಸಬೇಡಿ. ನಿಮ್ಮ ಕನ್ನಡ ಮೇಷ್ಟ್ರನ್ನು ತರಗತಿಗೆ ಕರೆದು ಹಲಗೆಯನ್ನು ಎರಡು ಭಾಗ ಮಾಡಿ. ಒಂದೇ ಸಂಗತಿಯನ್ನು ಅವರು ಕನ್ನಡದಲ್ಲಿ, ನೀವು ಇಂಗ್ಲಿಷಿನಲ್ಲಿ ಬರೆಯಿರಿ. ಯಾವ ಪದ ಎಲ್ಲಿಗೆ ಹೋಯಿತು, ಯಾಕೆ ಹೋಯಿತು ಎಂದು ಮಕ್ಕಳೇ ಹೇಳಲಿ.