ಟ್ರೇಲರ್ ಏಳ್ತಿಲ್ವಾ? ರಿಲೀಫ್ ವಾಲ್ವ್‌ಗೆ ಸ್ಪ್ಯಾನರ್ ಹಾಕೋ ಮುಂಚೆ ಇದನ್ನ ಓದಿ

ಹೈಡ್ರಾಲಿಕ್ ಟ್ರೇಲರ್ ಏಳದಿದ್ರೆ ನಮ್ಮ ಗೋಣಿಬೀಡು ಕಡೆ ಮೊದಲು ಕೇಳೋ ಮಾತು, "ರಿಲೀಫ್ ವಾಲ್ವ್ ಒಂದು ಸುತ್ತು ಟೈಟ್ ಕೊಡು, ಏಳುತ್ತೆ." ಎಷ್ಟೋ ಸಲ ಏಳೋದೂ ನಿಜ. ಅಪಾಯ ಇರೋದೇ ಅಲ್ಲಿ.

ಬೋರ್ಡೋ ಹೊಡೆದವರಿಗೆ ಈ ವಾಲ್ವ್ ಹೊಸದೇನಲ್ಲ. ಪವರ್ ಸ್ಪ್ರೇಯರ್ ಓಡ್ತಿರುವಾಗ ಗನ್ ಮುಚ್ಚಿದ್ರೆ ದ್ರಾವಣ ಎಲ್ಲಿಗೆ ಹೋಗುತ್ತೆ? ಬೈಪಾಸ್ ಪೈಪಿನಲ್ಲಿ ವಾಪಸ್ ಡ್ರಮ್ಮಿಗೆ. ಟ್ರ್ಯಾಕ್ಟರಿನಲ್ಲೂ ಅಷ್ಟೇ. ಸ್ಪ್ರಿಂಗ್ ಒಂದು ಸಣ್ಣ ಗುಂಡನ್ನೋ ಮೊನೆಯನ್ನೋ ಒತ್ತಿ ಹಿಡಿದಿರುತ್ತೆ. ಎಣ್ಣೆಯ ಒತ್ತಡ ಸ್ಪ್ರಿಂಗನ್ನು ಮೀರಿದಾಗ ಅದು ಸರಿದು, ಎಣ್ಣೆ ಟ್ಯಾಂಕಿಗೆ ಮರಳುತ್ತೆ.

ಸ್ಪ್ರಿಂಕ್ಲರ್ ಪಂಪಿನ ಲೆಕ್ಕ ಇಲ್ಲಿ ಹಿಡೀಬೇಡಿ. ಕಾಫಿ ಹೂವಿಗೆ ನೀರು ಕೊಡೋವಾಗ ಗೇಟ್‌ವಾಲ್ವ್ ಮುಚ್ಚಿದ್ರೂ ಆ ಪಂಪಿನೊಳಗೆ ನೀರು ಅಲ್ಲೇ ಸುತ್ತುತ್ತಾ ಸ್ವಲ್ಪ ಹೊತ್ತು ತಡೆಯುತ್ತೆ. ಟ್ರ್ಯಾಕ್ಟರಿನದು ಗೇರ್ ಪಂಪ್, ಪ್ರತಿ ಸುತ್ತಿಗೂ ಇಷ್ಟು ಎಣ್ಣೆ ಅಂತ ತಳ್ಳಿಯೇ ತಳ್ಳುತ್ತೆ. ದಾರಿ ಸಿಗದಿದ್ರೆ ಹೋಸ್, ಸೀಲ್, ಪಂಪಿನ ಬಾಡಿ, ಯಾವುದು ಸೋತಿದೆಯೋ ಅದು ಒಡೆಯುತ್ತೆ. ಟೈಟ್ ಮಾಡಿದವನು ಕಾಸು ಎಣಿಸ್ಕೊಂಡು ಹೋಗಿರ್ತಾನೆ, ಹೋಸ್ ಒಡೆಯೋದು ನಿಮ್ಮ ತೋಟದ ಇಳಿಜಾರಿನಲ್ಲಿ.

ಬಹಳ ಜನ ಗಮನಿಸದ ಸಂಗತಿ ಒಂದಿದೆ. ಪಂಪು ಕೊಡೋದು ಹರಿವು ಮಾತ್ರ, ಒತ್ತಡ ಹುಟ್ಟಿಸೋದು ಲೋಡು. ಒಳವ್ಯಾಸ 8 ಸೆಂ.ಮೀ. ಇರೋ ಜಾಕಿನ ಪಿಸ್ಟನ್ ಸುಮಾರು 50 ಚದರ ಸೆಂ.ಮೀ. ಇರುತ್ತೆ. ವಾಲ್ವ್ ಚದರ ಸೆಂ.ಮೀ.ಗೆ 180 ಕೆ.ಜಿ.ಗೆ ಸೆಟ್ ಆಗಿದ್ರೆ ಜಾಕಿನ ಬಲ 9,000 ಕೆ.ಜಿ. ಅಷ್ಟು ಭಾರ ಎತ್ತುತ್ತೆ ಅಂತಲ್ಲ, ಜಾಕ್ ಓರೆಯಾಗಿ ತಳ್ಳುತ್ತೆ; ಏಳೋ ಮೊದಲ ಗೇಣಿಗೇ ಹೆಚ್ಚು ಬಲ ಬೇಕು. ಕಾಫಿ ಗೋಣಿ ಎಣಿಸಿದ್ರೆ ತೂಕ ತಿಳಿಯುತ್ತೆ, ಒದ್ದೆ ಗೊಬ್ಬರ, ಮಣ್ಣನ್ನ ಯಾರು ತೂಗ್ತಾರೆ? ಮುಂದಕ್ಕೆ ಹೇರಿದ್ರಂತೂ ಜಾಕಿಗೆ ಇನ್ನೂ ಕಷ್ಟ.

ಅದಕ್ಕೇ ಮೊದಲು ಕಿವಿಗೊಡಿ. ಇಂಜಿನ್ ಸದ್ದು ಕುಗ್ಗಿ, ಚುಂಯ್ ಅಂತ ಕೇಳಿದ್ರೆ ವಾಲ್ವ್ ತೆರೀತಿದೆ: ಲೋಡ್ ಜಾಸ್ತಿ, ಎಲ್ಲೋ ಸಿಕ್ಕಿಕೊಂಡಿದೆ, ಇಲ್ಲಾ ಸ್ಪ್ರಿಂಗ್ ಸೋತಿದೆ. ಅರ್ಧ ಲೋಡ್ ಇಳಿಸಿ ನೋಡಿ. ಇಂಜಿನ್‌ಗೆ ಭಾರವೇ ಬೀಳದಿದ್ರೆ ಎಣ್ಣೆ ಮಟ್ಟ ನೋಡಿ, ಅದೂ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಆಮೇಲೆ ಫಿಲ್ಟರ್. ಕಸ ಸಿಕ್ಕಿ ವಾಲ್ವ್ ಬಾಯಿ ಮುಚ್ಚದೇ ಇರೋದೂ ಉಂಟು. ಬೆಳಗ್ಗೆ ಎತ್ತಿ, ಬಿಸಿಯಾದ ಮೇಲೆ ಎತ್ತದಿದ್ರೆ ಪಂಪ್ ಸವೆದಿರಬಹುದು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ, ನಮ್ಮ ಮಳೆಗಾಲದ ಮೇಲೆ ಇದನ್ನ ತಪ್ಪದೇ ನೋಡಿ.

ಟ್ರೇಲರ್ ಪೂರ್ತಿ ಎದ್ದ ಮೇಲೂ ಲಿವರ್ ಹಿಡ್ಕೊಂಡೇ ಇರೋ ಅಭ್ಯಾಸ ಬಿಡಿ. ನಿಮಿಷಕ್ಕೆ 20 ಲೀಟರ್ ಎಣ್ಣೆ ಅದೇ 180ರ ಒತ್ತಡದಲ್ಲಿ ವಾಲ್ವ್ ದಾಟಿದ್ರೆ ಹುಟ್ಟೋ ಶಾಖ ಸುಮಾರು 6 ಕಿಲೋವ್ಯಾಟ್. ಟ್ಯಾಂಕಿಗೆ 2 ಕಿಲೋವ್ಯಾಟಿನ ಮೂರು ಗೀಸರ್ ಹಾಕಿದ ಹಾಗೆ.

ವಾಲ್ವ್ ಸೆಟ್ ಮಾಡಲೇಬೇಕಾದ್ರೆ ಪ್ರೆಶರ್ ಗೇಜ್ ಹಾಕಿಸಿ, ನಿಮ್ಮ ಟ್ರ್ಯಾಕ್ಟರಿನ ಮ್ಯಾನುಯಲ್‌ನಲ್ಲಿರೋ ಅಂಕಿಗೇ ಮಾಡಿಸಿ. ಗೇಜ್ ಇಲ್ಲ ಅನ್ನೋರ ಕೈಗೆ ನಾನು ಗಾಡಿ ಕೊಡಲ್ಲ. ಪ್ರತಿ ವರ್ಷ ಕೊಯ್ಲಿಗೆ ಮುಂಚೆ ಗೇಜಿನ ಅಂಕಿ, ಅವರ್ ಮೀಟರ್ ಎರಡನ್ನೂ ಮೊಬೈಲಲ್ಲಿ ಫೋಟೋ ತೆಗೆದಿಟ್ಕೊಳ್ತೀನಿ. ಮುಂದಿನ ವರ್ಷ ಒತ್ತಡ ಇಳಿದಿದ್ರೆ ಗೊತ್ತಾಗುತ್ತೆ.

ಎತ್ತಿದ ಟ್ರೇಲರ್ ಕೆಳಗೆ ಗಟ್ಟಿ ಆಸರೆ ಕೊಡದೆ ತಲೆ ಹಾಕ್ಬೇಡಿ. ಹೋಸ್ ಸೋರ್ತಿದೆಯಾ ಅಂತ ಕೈಯಲ್ಲಿ ಸವರಿ ನೋಡಲೇಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತಿನಿಂದ ಬರೋ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತೆ. ಮೊದಲಿಗೆ ನೋವೇ ಇಲ್ಲದಿರಬಹುದು, ತಡವಾದ್ರೆ ಬೆರಳೇ ಹೋಗಬಹುದು. ಹಾಗೇನಾದ್ರೂ ಆದ್ರೆ ಆ ಕ್ಷಣವೇ ಆಪರೇಷನ್ ಸೌಲಭ್ಯ ಇರೋ ಆಸ್ಪತ್ರೆಗೆ ಹೋಗಿ, "ಹೈಡ್ರಾಲಿಕ್ ಎಣ್ಣೆ ಒತ್ತಡದಲ್ಲಿ ಚರ್ಮದೊಳಗೆ ಹೋಗಿದೆ" ಅಂತಲೇ ಡಾಕ್ಟರಿಗೆ ಹೇಳಿ.