ಗಡ್ಡಿಯಿಂದ ಗಡ್ಡಿಗೆ

ಕೃಷ್ಣೆಯು ನಾರಾಯಣಪುರದ ಬಸವಸಾಗರವನ್ನು ದಾಟಿ ಸುರಪುರ ಸೀಮೆಯ ತೆಂಕಣ ಅಂಚಿನಗುಂಟ ಹರಿಯುವಾಗ, ಅಲ್ಲಲ್ಲಿ ಬಂಡೆಗಳಿಗೆ ತಾಗಿ ಎರಡಾಗಿ ಕವಲೊಡೆದು, ಸ್ವಲ್ಪ ದೂರ ಹೋದಮೇಲೆ ಮತ್ತೆ ಒಂದಾಗುವುದುಂಟು. ಆ ಎರಡು ಕವಲುಗಳ ನಡುವೆ ಉಳಿದ ನೆಲವನ್ನು ಅಲ್ಲಿಯ ಜನ ‘ಗಡ್ಡಿ’ ಎನ್ನುತ್ತಾರೆ. ಸಂಸ್ಕೃತದ ‘ದ್ವೀಪ’ ಶಬ್ದದ ವ್ಯುತ್ಪತ್ತಿಯೂ ಇದನ್ನೇ ಸೂಚಿಸುತ್ತದೆ: ‘ದ್ವಿ’ ಎಂದರೆ ಎರಡು, ‘ಅಪ್’ ಎಂದರೆ ನೀರು, ಇಕ್ಕೆಲದಲ್ಲಿಯೂ ನೀರುಳ್ಳದ್ದು ದ್ವೀಪ. ನೀಲಕಂಠರಾಯನ ಗಡ್ಡಿಯು ಇಂಥ ಒಂದು ದ್ವೀಪ. ಮಳೆಗಾಲದಲ್ಲಿ ಹೊಳೆ ಉಕ್ಕಿ ಬಂದಾಗ ದಡದ ಸಂಪರ್ಕವನ್ನೇ ಕಳೆದುಕೊಳ್ಳುತ್ತಿದ್ದ ಆ ಊರಿನವರು, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಸೆಳವಿನಲ್ಲಿ ಈಜಿ ದಾಟಿದ ಕಥೆಗಳನ್ನು ಬಲ್ಲವರಿಗೆ, ದ್ವೀಪವಾಸವೆಂದರೆ ಏನೆಂಬುದನ್ನು ವಿವರಿಸಬೇಕಾದುದಿಲ್ಲ. ಯಾವ ನೀರು ಹೊರಗಿನ ಕಳ್ಳಕಾಕರನ್ನು ತಡೆಯುವುದೋ ಅದೇ ನೀರು ವೈದ್ಯನನ್ನೂ ತಡೆಯುತ್ತದೆ. ರಕ್ಷೆಯೂ ಅಪಾಯವೂ ಅಲ್ಲಿ ಒಂದೇ ಪ್ರವಾಹದ ಎರಡು ಮುಖಗಳು.

ಜೀವವಿಜ್ಞಾನಿಗಳು ಸಮುದ್ರಮಧ್ಯದ ದ್ವೀಪಗಳನ್ನು ಕುರಿತು ಬಹುಕಾಲ ಅಭ್ಯಾಸಮಾಡಿ ಕಂಡುಕೊಂಡ ಸತ್ಯವೂ ಇದಕ್ಕೆ ದೂರವಾದುದಲ್ಲ. ಉಷ್ಣವಲಯದ ದ್ವೀಪಗಳಲ್ಲಿ, ಬೇಟೆಯ ಮೃಗಗಳ ಭಯವಿಲ್ಲದೆ, ಹೊರಗಿನವರ ಸ್ಪರ್ಧೆಯಿಲ್ಲದೆ, ಸಹಸ್ರಾರು ವರ್ಷಗಳ ಏಕಾಂತದಲ್ಲಿ ರೂಪುಗೊಂಡ ಪ್ರಾಣಿಪಕ್ಷಿಗಳು ಜಗತ್ತಿನ ಬೇರೆಲ್ಲಿಯೂ ಕಾಣಸಿಗವು; ಆದರೆ ಆ ಏಕಾಂತವು ಒಮ್ಮೆ ಭಂಗವಾಯಿತೆಂದರೆ ಅವುಗಳಷ್ಟು ನಿಸ್ಸಹಾಯಕ ಜೀವಿಗಳೂ ಬೇರೆ ಇಲ್ಲ. ಡಚ್ಚರು 1598ರಲ್ಲಿ ಮಾರಿಷಸ್ ದ್ವೀಪದಲ್ಲಿ ಇಳಿದರು. ಅವರ ಹಡಗುಗಳೊಡನೆ ಬಂದಿಳಿದ ಹಂದಿ, ಇಲಿ, ಕೋತಿಗಳು ನೆಲದ ಮೇಲೆ ಗೂಡಿಡುತ್ತಿದ್ದ ಡೋಡೋ ಹಕ್ಕಿಯ ಮೊಟ್ಟೆಗಳನ್ನು ತಿಂದುಹಾಕಿದುವು. ಶತಮಾನವೊಂದು ಕಳೆಯುವುದರೊಳಗೆ ಆ ಹಕ್ಕಿಯ ಕುಲವೇ ನಿಶ್ಶೇಷವಾಯಿತು. ಅಂಡಮಾನಿನ ಪೂರ್ವಕ್ಕಿರುವ ನಾರ್ಕೊಂಡಮ್ ಎಂಬ ಪುಟ್ಟ ದ್ವೀಪದಲ್ಲಿ, ಪ್ರಪಂಚದಲ್ಲಿ ಇನ್ನೆಲ್ಲಿಯೂ ಇಲ್ಲದ ಒಂದು ಜಾತಿಯ ಮಂಗಟ್ಟೆಹಕ್ಕಿಯುಂಟು. ಅಲ್ಲಿ ಪೊಲೀಸ್ ಠಾಣೆಯಾದಮೇಲೆ ಒಯ್ದು ಬಿಟ್ಟ ಆಡುಗಳು ಬೆಳೆಯಬೇಕಾದ ಎಳೆಯ ಸಸಿಗಳನ್ನು ಮೇಯತೊಡಗಿದಾಗ, ಹಕ್ಕಿಗೆ ಗೂಡು ಕೊಡುವ ಮುಂದಣ ತಲೆಮಾರಿನ ಮರಗಳೇ ಇಲ್ಲವಾಗುವ ಭಯವುಂಟಾಗಿ, ಆ ಆಡುಗಳನ್ನು ಅಲ್ಲಿಂದ ತೆಗೆಯಬೇಕಾಯಿತು. ಮೆಕಾರ್ಥರ್ ಮತ್ತು ವಿಲ್ಸನ್ ಎಂಬ ಅಮೆರಿಕದ ವಿದ್ವಾಂಸರಿಬ್ಬರು 1967ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಚಾರಗಳನ್ನೆಲ್ಲ ಒಂದು ಸಿದ್ಧಾಂತಕ್ಕೆ ತಂದರು. ದ್ವೀಪವು ಚಿಕ್ಕದಾದಷ್ಟೂ ಅಳಿಯುವ ಜಾತಿಗಳು ಹೆಚ್ಚು, ದೂರವಾದಷ್ಟೂ ಹೊಸದಾಗಿ ಬಂದು ನೆಲಸುವ ಜಾತಿಗಳು ಕಡಮೆ. ಅಳಿವು ಮತ್ತು ಆಗಮನಗಳ ಈ ತಕ್ಕಡಿ ಸಮವಾಗಿ ನಿಲ್ಲುವಲ್ಲಿ ಆ ದ್ವೀಪದ ಜೀವಸಂಪತ್ತಿನ ಲೆಕ್ಕ ನಿಲ್ಲುತ್ತದೆ.

ಈ ಸಿದ್ಧಾಂತದ ಬೆಲೆ ಇರುವುದು ಅದು ಕಡಲಿಗಷ್ಟೇ ಸೀಮಿತವಾಗಿಲ್ಲವೆಂಬುದರಲ್ಲಿ. ಶಹಾಪುರದ ಬಳಿ ಮಲಗಿದ ಬುದ್ಧನ ಆಕೃತಿಯನ್ನು ತಾಳಿ ನಿಂತ ಬೆಟ್ಟಸಾಲು, ಸುತ್ತಣ ಎರೆಹೊಲಗಳ ಸಮುದ್ರದಲ್ಲಿ, ಕಲ್ಲುಬಂಡೆಗಳನ್ನೇ ಆಶ್ರಯಿಸಿದ ಜೀವಿಗಳಿಗೆ ಒಂದು ದ್ವೀಪವೇ ಸರಿ. ಹಾಗೆಯೇ ನೀರಿಗೆ ನೆಲವು ದ್ವೀಪವಾಗುವಂತೆ ನೆಲಕ್ಕೆ ನೀರೂ ದ್ವೀಪವಾಗಬಹುದು. ಯಾದಗಿರಿಯ ಕೋಟೆಯ ಗುಡ್ಡವನ್ನೇರಿ ಬೇಸಗೆಯ ನಡುಹಗಲಿನಲ್ಲಿ ಸುತ್ತ ನೋಡಿದವನಿಗೆ, ತೊಗರಿಯ ಕೂಳೆ ನಿಂತ ಒಣಹೊಲಗಳು ದಿಗಂತದವರೆಗೆ ಹಬ್ಬಿರುವ ಆ ಬಯಲಿನಲ್ಲಿ, ನೀರನ್ನು ನಂಬಿದ ಹಕ್ಕಿಯೊಂದು ಎಲ್ಲಿ ಕಾಲೂರೀತೆಂಬ ಶಂಕೆ ಹುಟ್ಟದಿರದು. ಅದು ಕಾಲೂರುವುದು ಕೆರೆಗಳಲ್ಲಿ: ಯಾದಗಿರಿಯ ಆಚೆಗಿರುವ ಹತ್ತಿಕುಣಿಯ ಜಲಾಶಯದಲ್ಲಿ, ಊರೂರಿನ ಸಣ್ಣ ಕೆರೆಗಳಲ್ಲಿ, ಎಲ್ಲಕ್ಕಿಂತ ಮಿಗಿಲಾಗಿ ಸುರಪುರದ ಸಮೀಪದ ಬೋನಾಳದಲ್ಲಿ.

ಬೋನಾಳದ ಕೆರೆಯನ್ನು ಸುರಪುರದ ನಾಯಕ ಅರಸರು ಕಟ್ಟಿಸಿದರೆಂದು ಪ್ರತೀತಿ. ಪಾಮನಾಯಕನ ಹೆಸರು ಅದರೊಡನೆ ಸೇರಿ ಬಂದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ, ಬಾಲಕನಾಗಿದ್ದ ರಾಜಾ ವೆಂಕಟಪ್ಪನಾಯಕನ ಹಿತಚಿಂತಕನಾಗಿ ಸುರಪುರದಲ್ಲಿ ಆಡಳಿತ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನು ಈ ಕೆರೆಯ ಕೆಲಸವನ್ನು ಕೈಗೆತ್ತಿಕೊಂಡು ಅದನ್ನು ವೃದ್ಧಿಪಡಿಸಿದನು. ಆ ಅರಸರಾಗಲಿ ಆ ಅಧಿಕಾರಿಯಾಗಲಿ ಒಡ್ಡು ಹಾಕಿಸುವಾಗ ರೈತನ ಹೊಲವನ್ನೂ ರಾಜ್ಯದ ಕಂದಾಯವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಿರಬೇಕು. ಆದರೂ ಅವರು ಕಟ್ಟಿದ್ದು ಒಂದು ದ್ವೀಪವನ್ನು. ಕೆನ್ನೀಲಿ ಬಕಗಳು, ಬಿಳಿಯ ಮತ್ತು ಕರಿಯ ಕೆಂಬರಲುಗಳು, ಬಿಳಿಗೊರಳಿನ ಕೊಕ್ಕರೆಗಳು, ನೀಲಿ ಜಂಬುಕೋಳಿಗಳು ತಲೆತಲಾಂತರದಿಂದ ಆ ಜಲದ್ವೀಪದ ಪ್ರಜೆಗಳಾಗಿವೆ. ಇವಲ್ಲದೆ ಚಳಿಗಾಲದಲ್ಲಿ ಮಾತ್ರ ಬರುವ ಒಬ್ಬ ಅತಿಥಿಯುಂಟು. ಈ ಲೇಖನದ ನಾಯಕನು ಅವನೇ.

ಅವನ ಹೆಸರು ಪಟ್ಟೆತಲೆ ಹೆಬ್ಬಾತು. ಪುಷ್ಯಮಾಸದ ಬೆಳಗಿನಲ್ಲಿ ಒಡ್ಡಿನ ಮೇಲೆ ನಿಂತು, ಮಂಜು ಕರಗುವವರೆಗೆ ತಾಳ್ಮೆಯಿಂದ ಕಾದರೆ, ನೀರಿನ ನಡುವೆ ಬೂದುಬಣ್ಣದ ತೆಪ್ಪಗಳಂತೆ ಗುಂಪುಗುಂಪಾಗಿ ತೇಲುವ ಈ ಹಕ್ಕಿಗಳು ಒಂದೊಂದಾಗಿ ಸ್ಪಷ್ಟವಾಗುವುವು. ಎರಡರಿಂದ ಮೂರು ಕಿಲೋಗ್ರಾಮ್ ತೂಕದ ಮೈ. ಬಿಚ್ಚಿದರೆ ತುದಿಯಿಂದ ತುದಿಗೆ ಒಂದೂವರೆ ಮೀಟರಿನಷ್ಟಾಗುವ ರೆಕ್ಕೆ. ಕೊಕ್ಕು ಕಾಲುಗಳು ಕಿತ್ತಳೆ ಹಳದಿ. ಬೆಳ್ಳಗಿನ ತಲೆಯ ಹಿಂಭಾಗದಲ್ಲಿ, ಕಾಡಿಗೆಯಲ್ಲಿ ಎಳೆದಂತೆ ಅಡ್ಡಲಾಗಿ ಎರಡು ಕಪ್ಪು ಪಟ್ಟೆ. ಗಂಡುಹೆಣ್ಣುಗಳ ರೂಪದಲ್ಲಿ ಭೇದವಿಲ್ಲ. ಆದರೆ ಅದೇ ವರ್ಷ ಹುಟ್ಟಿದ ಮರಿಗಳಿಗೆ ಇನ್ನೂ ಪಟ್ಟೆ ಮೂಡಿರುವುದಿಲ್ಲವಾಗಿ, ಗುಂಪಿನಲ್ಲಿ ಪಟ್ಟೆಯಿಲ್ಲದ ತಲೆಗಳನ್ನು ಎಣಿಸಿದರೆ ಆ ವರ್ಷದ ಸಂತಾನ ಎಷ್ಟೆಂಬುದನ್ನು ಹಿಮಾಲಯದಾಚೆಗೆ ಹೋಗದೆಯೇ ಅಂದಾಜು ಮಾಡಬಹುದು. ಇದು ಹುಲ್ಲು ಮೇಯುವ ಹಕ್ಕಿ. ಹಗಲಿನ ಬಹುಭಾಗವನ್ನು ನಾಯಿನರಿಗಳಿಗೆ ಎಟುಕದ ನಡುನೀರಿನಲ್ಲಿ ವಿಶ್ರಾಂತಿಯಿಂದ ಕಳೆದು, ಸಂಜೆಯಾಗುತ್ತಲೆ ಕೂಗಾಡುತ್ತ ಮೇಲೆದ್ದು ಸುತ್ತಣ ಹೊಲಗದ್ದೆಗಳಲ್ಲಿ ಇಳಿದು, ಗರಿಕೆಯನ್ನೂ ಎಳೆಯ ಪೈರನ್ನೂ ಉದುರಿದ ಕಾಳನ್ನೂ ಮೇದು ಹಿಂದಿರುಗುತ್ತದೆ.

ಇದರ ತವರು ಮಂಗೋಲಿಯ, ಟಿಬೆಟ್, ಲಡಾಖ್‌ಗಳ ಎತ್ತರದ ಸರೋವರಗಳು. ಮಂಗೋಲಿಯದಲ್ಲಿ ವಿಜ್ಞಾನಿಗಳು ಕೊರಳಿಗೆ ಅಕ್ಷರದ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ನಮ್ಮ ಮೈಸೂರು ಸೀಮೆಯ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಅಲ್ಲಿಂದ ಇಲ್ಲಿಗೆ ಬರುವುದಕ್ಕೆ ನಡುವೆ ಹಿಮಾಲಯವನ್ನು ದಾಟಬೇಕಷ್ಟೆ. ಐದೂವರೆ ಸಾವಿರ ಮೀಟರ್ ಎತ್ತರದಲ್ಲಿ ಉಸಿರಾಟಕ್ಕೆ ದೊರೆಯುವ ಆಮ್ಲಜನಕವು ಕಡಲಮಟ್ಟದಲ್ಲಿರುವುದರ ಅರ್ಧ. ಅಲ್ಲಿ ಮನುಷ್ಯನಿಗೆ ನಾಲ್ಕು ಹೆಜ್ಜೆ ನಡೆಯುವುದೂ ಪ್ರಯಾಸ. ಈ ಹಕ್ಕಿಯಾದರೋ ಅಲ್ಲಿ ರೆಕ್ಕೆ ಬಡಿಯುತ್ತದೆ, ಎಂದರೆ ದೇಹಶ್ರಮಗಳಲ್ಲೆಲ್ಲ ಅತಿ ಕಠಿನವಾದುದನ್ನು ಮಾಡುತ್ತದೆ. ಬೆನ್ನಿಗೆ ಕಟ್ಟಿದ ಉಪಕರಣಗಳ ಮೂಲಕ ಇದರ ಹಾದಿಯನ್ನು ಉಪಗ್ರಹಗಳಿಂದ ಅನುಸರಿಸಿದವರು ದಾಖಲಿಸಿದ ಅತ್ಯುನ್ನತ ಎತ್ತರ 7,290 ಮೀಟರ್.

ಇದು ಸಾಧ್ಯವಾಗುವ ಬಗೆ ಹೇಗೆ? ಮೊದಲನೆಯದಾಗಿ, ಈ ಹಕ್ಕಿಯ ರಕ್ತದ ಹಿಮೋಗ್ಲೋಬಿನ್, ಹತ್ತಿರದ ನೆಂಟನಾದ ಬೂದು ಹೆಬ್ಬಾತಿನದಕ್ಕಿಂತ ಕೆಲವೇ ಅಮೈನೊ ಆಮ್ಲಗಳಲ್ಲಿ ಭಿನ್ನವಾಗಿದ್ದು, ತೆಳುಗಾಳಿಯಲ್ಲಿಯೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಎರಡನೆಯದಾಗಿ, ಶ್ವಾಸಕೋಶಗಳು ಮೈಯ ಪ್ರಮಾಣಕ್ಕೆ ದೊಡ್ಡವು, ಉಸಿರು ಆಳವಾದುದು, ಹಾರುವ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳ ಬಲೆ ದಟ್ಟವಾದುದು. ಮೂರನೆಯದು ಶರೀರಕ್ಕಿಂತ ವಿವೇಕಕ್ಕೆ ಸಂಬಂಧಿಸಿದ್ದೆನ್ನಬೇಕು: ಹಕ್ಕಿಯು ಬೆಟ್ಟದ ಇಳಿಜಾರಿನ ಹಗಲ ಗಾಳಿಯನ್ನು ನೆಚ್ಚದೆ, ಗಾಳಿ ತಣ್ಣಗೂ ಸಾಂದ್ರವಾಗಿಯೂ ಇರುವ ರಾತ್ರಿಯಲ್ಲಿ ಮತ್ತು ಬೆಳಗಿನ ಜಾವದಲ್ಲಿ ಹೆಚ್ಚಾಗಿ ಹಾರುತ್ತದೆ, ಒಮ್ಮೆ ಎತ್ತರಕ್ಕೇರಿ ಅಲ್ಲಿಯೇ ಉಳಿಯುವುದರ ಬದಲು ನೆಲದ ಏರಿಳಿತವನ್ನೇ ಅನುಸರಿಸಿ ತಾನೂ ಏರುತ್ತ ಇಳಿಯುತ್ತ ಸಾಗುತ್ತದೆ. ಪಡೆದ ಎತ್ತರವನ್ನು ಕಳೆದುಕೊಂಡು ಮತ್ತೆ ಗಳಿಸುವುದು ವ್ಯರ್ಥಶ್ರಮವೆಂದು ನಮಗೆ ತೋರಬಹುದಾದರೂ, ತೆಳುಗಾಳಿಯಲ್ಲಿ ನಿರಂತರ ಹಾರುವುದಕ್ಕಿಂತ ಈ ದಾರಿಯಲ್ಲಿಯೇ ವೆಚ್ಚ ಕಡಮೆಯೆಂದು ಹೃದಯದ ಬಡಿತವನ್ನು ಅಳೆದು ನೋಡಿದ ವಿಜ್ಞಾನಿಗಳು 2015ರಲ್ಲಿ ತೋರಿಸಿಕೊಟ್ಟರು.

ಇಂಥ ಬಲಶಾಲಿಯೂ ವರ್ಷದಲ್ಲಿ ಕೆಲವು ವಾರ ಸಂಪೂರ್ಣ ನಿಸ್ಸಹಾಯಕ. ಮರಿಗಳಾದಮೇಲೆ ಹೆಬ್ಬಾತು ತನ್ನ ಹಾರುಗರಿಗಳನ್ನೆಲ್ಲ ಒಮ್ಮೆಲೇ ಉದುರಿಸಿ ಹೊಸವನ್ನು ಬೆಳೆಸಿಕೊಳ್ಳುತ್ತದೆ. ಅಷ್ಟುಕಾಲ ಅದು ಹಾರಲಾರದು. ನೆಲದ ಮೇಲೆ ಗೂಡು, ಒಂದು ತಿಂಗಳಿನಷ್ಟು ಕಾವು, ಮುಂದೆ ಹಾರಲರಿಯದ ಮರಿಗಳ ಪಾಲನೆ, ಅದರ ಮೇಲೆ ಗರಿಯಿಲ್ಲದ ತಾಯ್ತಂದೆಗಳು: ನರಿಗೂ ತೋಳಕ್ಕೂ ಇದಕ್ಕಿಂತ ಸುಲಭವಾದ ಔತಣ ಇನ್ನಾವುದು? ಆದುದರಿಂದಲೇ ಲಡಾಖಿನ ತ್ಸೊ ಮೊರಿರಿಯಲ್ಲಿಯೂ ಟಿಬೆಟಿನ ಸರೋವರಗಳಲ್ಲಿಯೂ ಈ ಹಕ್ಕಿ ಗೂಡಿಗಾಗಿ ದ್ವೀಪಗಳನ್ನು ಅರಸುತ್ತದೆ. ಹೀಗೆ ನೋಡಿದರೆ ಇದರ ಬಾಳೆಲ್ಲ ಗಡ್ಡಿಯಿಂದ ಗಡ್ಡಿಗೆ ನಡೆಸುವ ಯಾತ್ರೆ: ಅಲ್ಲಿ ನೀರಿನ ನಡುವಣ ನೆಲ, ಇಲ್ಲಿ ನೆಲದ ನಡುವಣ ನೀರು.

ದ್ವೀಪಗಳನ್ನೇ ನಂಬಿದವನಿಗೆ ದ್ವೀಪಗಳ ಕಷ್ಟವೂ ತಪ್ಪದು. ಚೀನಾ ದೇಶದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿದ್ವೀಪವೆಂದೇ ಪ್ರಸಿದ್ಧವಾದ ಗೂಡುದಾಣವೊಂದು ಕಳೆದ ಶತಮಾನದಲ್ಲಿ, ನೀರು ಇಳಿದಂತೆಲ್ಲ ದಡಕ್ಕೆ ಅಂಟಿಕೊಂಡು ದ್ವೀಪವೆಂಬ ಗುಣವನ್ನೇ ಕಳೆದುಕೊಂಡಿತು. ಅದೇ ಸರೋವರದಲ್ಲಿ 2005ರ ಬೇಸಗೆಯಲ್ಲಿ ಹಕ್ಕಿಜ್ವರ ಹರಡಿ 6,000ಕ್ಕೂ ಮಿಕ್ಕ ನೀರುಹಕ್ಕಿಗಳು ಸತ್ತುವು. ಅತಿ ಹೆಚ್ಚು ನಷ್ಟವಾದುದು ಪಟ್ಟೆತಲೆ ಹೆಬ್ಬಾತಿನ ಕುಲಕ್ಕೆ. ವಾಸಯೋಗ್ಯವಾದ ನೆಲೆಗಳು ಕೆಲವೇ ಆದಾಗ ಇದ್ದಬದ್ದ ಹಕ್ಕಿಗಳೆಲ್ಲ ಅಲ್ಲಿಯೇ ಒತ್ತಾಗಿ ನೆರೆಯುವುವು. ಹಾಗೆ ನೆರೆದಲ್ಲಿ ಒಂದರ ರೋಗವು ಎಲ್ಲಕ್ಕೂ ಮೃತ್ಯುವಾಗಬಹುದು. ಒಟ್ಟಾರೆ ಈ ಜಾತಿಯು ಇಂದು ಅಳಿವಿನಂಚಿನ ಪಟ್ಟಿಯಲ್ಲಿಲ್ಲವೆಂಬುದು ಸಮಾಧಾನದ ಸಂಗತಿ. ಆದರೆ ಈ ನೆಲೆಗಳ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಕಳಚುತ್ತ ಹೋದರೆ ಆ ಸಮಾಧಾನ ಬಹುಕಾಲ ನಿಲ್ಲಲಾರದು.

ನಮ್ಮ ಪಾಲಿನ ಕೊಂಡಿಯ ಸ್ಥಿತಿಯನ್ನು ವಿಚಾರಿಸುವುದು ನಮ್ಮ ಧರ್ಮ. ನಾರಾಯಣಪುರದ ಎಡದಂಡೆ ಕಾಲುವೆ ಬಂದಮೇಲೆ ಸುರಪುರ, ಶಹಾಪುರಗಳ ಜೋಳ ತೊಗರಿಯ ಬಯಲಿನಲ್ಲಿ ಭತ್ತದ ಗದ್ದೆಗಳು ಹಸುರಾದುವು. ಬರದಿಂದ ಗುಳೆ ಹೋಗುತ್ತಿದ್ದ ನಾಡಿಗೆ ಅನ್ನ ಬಂದಿತು. ಹೆಬ್ಬಾತಿಗೂ ಮೇವು ದೊರೆಯಿತು. ಅದರೊಡನೆಯೇ ಗದ್ದೆಗಳಿಂದ ತೊಳೆದುಬರುವ ಗೊಬ್ಬರ ಮತ್ತು ಕೀಟನಾಶಕಗಳು ತಗ್ಗಿನ ಕೆರೆಗಳನ್ನು ಸೇರುವ ಸಂಭವವೂ ಬಂದಿತು. ಗೊಬ್ಬರ ಸೇರಿದ ನೀರಿನಲ್ಲಿ ಅಂತರಗಂಗೆ ಹಬ್ಬಿ ನಡುಕೆರೆಯನ್ನು ಮುಚ್ಚಿದರೆ ತೇಲುವ ಹಕ್ಕಿಗೆ ಎಡೆಯಿಲ್ಲ. ದಂಡೆಯ ಹುಲ್ಲುಗಾವಲನ್ನು ಬಳ್ಳಾರಿ ಜಾಲಿ ಆಕ್ರಮಿಸಿದರೆ ಮೇಯುವ ಹಕ್ಕಿಗೆ ಎಡೆಯಿಲ್ಲ. ದಕ್ಷಿಣ ಅಮೆರಿಕದಿಂದ ಬಂದ ಅಂತರಗಂಗೆ, ಮಧ್ಯ ಮತ್ತು ದಕ್ಷಿಣ ಅಮೆರಿಕಗಳಿಂದ ಬಂದ ಜಾಲಿ, ಊರಿನ ಎಂಜಲನ್ನುಂಡು ಹೆಚ್ಚಿದ ಬೀಡಾಡಿ ನಾಯಿ: ಮಾರಿಷಸ್ಸಿನ ಹಂದಿ ಇಲಿಗಳೂ ನಾರ್ಕೊಂಡಮಿನ ಆಡುಗಳೂ ಅಲ್ಲಿ ಮಾಡಿದುದನ್ನು ಇವು ನಮ್ಮ ಜಲದ್ವೀಪಗಳಲ್ಲಿ ಮಾಡಬಲ್ಲವು. ಕೆರೆಯಲ್ಲಿ ಹೂಳು ತುಂಬಿ ನೀರು ತೆಳುವಾದಷ್ಟೂ ದಡದಿಂದ ನಡುನೀರಿಗೆ ನಾಯಿಯ ದಾರಿ ಹತ್ತಿರವಾಗುತ್ತದೆ.

ಕೆರೆಯನ್ನು ಕಾಯುವುದೆಂದರೆ ಬೇಲಿ ಹಾಕಿ ರೈತನನ್ನು ಹೊರಗಿಡುವುದೆಂದು ಯಾರೂ ಭಾವಿಸಬಾರದು. ಒಡ್ಡು ಕಟ್ಟಿದವನೇ ರೈತ. ಹೂಳೆತ್ತಿ, ಕೋಡಿಯನ್ನು ದುರಸ್ತಿಮಾಡಿ, ತೂಬನ್ನು ತೆರೆದು ಮುಚ್ಚಿ ಆ ಕೆರೆಯನ್ನು ಕೆರೆಯಾಗಿ ಉಳಿಸಿದವನೂ ಅವನೇ. ಹೆಬ್ಬಾತು ತನ್ನ ಪೈರನ್ನು ಮೇದಾಗ ಅವನಿಗಾಗುವ ನಷ್ಟವು ನಿಜವಾದ ನಷ್ಟ. ಅದನ್ನು ತುಂಬಿಕೊಡುವ ಹೊಣೆ ಆ ಹಕ್ಕಿಯನ್ನು ಮೆಚ್ಚುವ ನಾವೆಲ್ಲರೂ ಸೇರಿ ಹೊರಬೇಕಾದುದು. ದೂರದ ದ್ವೀಪಗಳಲ್ಲಿ ರಕ್ಷಣೆ ಎಲ್ಲಿ ಫಲಿಸಿದೆಯೋ ಅಲ್ಲಿ ಹೆಚ್ಚಾಗಿ ದ್ವೀಪವಾಸಿಗಳ ಕೈ ಅದರಲ್ಲಿ ಸೇರಿದೆ. ಬೋನಾಳದಲ್ಲಿಯೂ ಬೇರೆ ಮಾರ್ಗವಿಲ್ಲ.

ಒಂದು ಸಂಗತಿಯನ್ನು ಮಾತ್ರ ತೂಬಿನ ಬಳಿ ನಿಂತವರು ನೆನಪಿನಲ್ಲಿಡಬೇಕೆಂದು ನನ್ನ ವಿನಂತಿ. ಮರಳಿ ಹಿಮಾಲಯವನ್ನು ದಾಟುವುದಕ್ಕೆ ಬೇಕಾದ ಶಕ್ತಿಯನ್ನು ಹೆಬ್ಬಾತು ಕೊಬ್ಬಿನ ರೂಪದಲ್ಲಿ ಮೈಗೂಡಿಸಿಕೊಳ್ಳಬೇಕು. ಆ ಪಾಥೇಯವನ್ನು ಅದು ಕಟ್ಟತೊಡಗುವುದು ಮಾಘ ಫಾಲ್ಗುಣಗಳಲ್ಲಿ, ಇಲ್ಲಿಯ ಹುಲ್ಲಿನಿಂದ, ಇಲ್ಲಿಯ ನೀರಿನ ಆಶ್ರಯದಲ್ಲಿ. ಕೆರೆಯು ಆ ವೇಳೆಗೆ ಬತ್ತಿದ್ದರೆ ಹಕ್ಕಿಯು ನಿದ್ದೆಗೆಟ್ಟು, ಮೇವುಗೆಟ್ಟು, ಬಡಕಲಾಗಿ ಹೊರಡುವುದು. ಬೇಸಗೆಯ ಬಾಗಿಲಲ್ಲಿ ಬೋನಾಳದಲ್ಲಿ ಉಳಿಸಿದ ಒಂದು ಮೊಳ ನೀರು, ಮುಂದೊಂದು ರಾತ್ರಿ ಹಿಮಾಲಯದ ಕಣಿವೆಯ ತೆಳುಗಾಳಿಯಲ್ಲಿ ಆ ರೆಕ್ಕೆಗಳಿಗೆ ಆಧಾರವಾಗುತ್ತದೆ; ಅದರ ಫಲವೇನೆಂಬುದನ್ನು ಮುಂದಿನ ಪುಷ್ಯದಲ್ಲಿ, ಮಂಜು ಕರಗಿದ ಮೇಲೆ, ಪಟ್ಟೆ ಮೂಡದ ತಲೆಗಳನ್ನು ಎಣಿಸಿ ಸುರಪುರದ ಮಕ್ಕಳೇ ಹೇಳಬಲ್ಲರು.