ಚದರ ಮೀಟರಿಗೆ ಎಷ್ಟು ಜನ?

ಜಾತ್ರೆಯಲ್ಲೋ ಉತ್ಸವದಲ್ಲೋ ಕಾಲ್ತುಳಿತವಾದರೆ ಮರುದಿನ ಕೇಳಿಬರುವ ಮಾತು ಸಾಮಾನ್ಯವಾಗಿ ಒಂದೇ: ಜನ ಗಾಬರಿಬಿದ್ದು ಓಡಿದರು, ಶಿಸ್ತಿರಲಿಲ್ಲ. ಜನಸಂದಣಿಯನ್ನು ದಶಕಗಳಿಂದ ಅಧ್ಯಯನ ಮಾಡುತ್ತಿರುವವರು ಇದನ್ನು ಒಪ್ಪುವುದಿಲ್ಲ. ಬಹುಪಾಲು ದುರಂತಗಳಲ್ಲಿ ಇಕ್ಕಟ್ಟು ಮೊದಲು ಬರುತ್ತದೆ, ಗಾಬರಿ ಆಮೇಲೆ. ಇಕ್ಕಟ್ಟನ್ನು ಅಳೆಯಬಹುದು. ಅಳೆಯಲು ಬಂದರೆ ಅನಾಹುತವನ್ನು ಮುಂಚೆಯೇ ಕಾಣಬಹುದು.

ಒಂದು ಚದರ ಮೀಟರಿನಲ್ಲಿ ಇಬ್ಬರಿದ್ದರೆ ಸಲೀಸಾಗಿ ನಡೆಯಬಹುದು. ನಾಲ್ವರಾದರೆ ಹೆಜ್ಜೆ ಸಣ್ಣದಾಗುತ್ತದೆ. ಐವರನ್ನು ದಾಟಿದರೆ ಮೈಗೆ ಮೈ ತಾಗುತ್ತದೆ. ಏಳರ ಹತ್ತಿರ ಬಂದಾಗ ಇಡೀ ಗುಂಪು ದ್ರವದಂತೆ ವರ್ತಿಸುತ್ತದೆ ಎಂದು ಅಮೆರಿಕದ ಎಂಜಿನಿಯರ್ ಜಾನ್ ಫ್ರೂಯಿನ್ ಬರೆದಿದ್ದಾರೆ. ಹಿಂದಿನವರ ಸಣ್ಣ ನೂಕು ಅಲೆಯಾಗಿ ಹರಿದು, ದೂರದಲ್ಲಿ ನಿಂತವರನ್ನೂ ನೆಲದಿಂದ ಎತ್ತಿಬಿಡಬಲ್ಲದು. ಅನೇಕ ಕಡೆ ಕಬ್ಬಿಣದ ಕಂಬಿಗಳೇ ಬಗ್ಗಿಹೋಗಿವೆ. ಇಂಥಲ್ಲಿ ಎಷ್ಟೋ ಜನ ತುಳಿತಕ್ಕೆ ಸಿಕ್ಕದೆ, ನಿಂತಲ್ಲೇ ಉಸಿರುಗಟ್ಟಿ ಸಾಯುತ್ತಾರೆ. ಉಸಿರೆಳೆಯಲು ಎದೆ ಹಿಗ್ಗಬೇಕು. ಸುತ್ತಲ ಒತ್ತಡ ಅದಕ್ಕೆ ಎಡೆ ಕೊಡುವುದಿಲ್ಲ.

ಸ್ಪೇನಿನ ಪಂಪ್ಲೋನಾದಲ್ಲಿ ಪ್ರತಿ ವರ್ಷ ಜುಲೈ 6ರಂದು ಸಾನ್ ಫೆರ್ಮಿನ್ ಹಬ್ಬ ಪುರಸಭೆಯ ಮುಂದಿನ ಚೌಕದಲ್ಲಿ ಆರಂಭವಾಗುತ್ತದೆ. ಅಲ್ಲಿ ಸಾವಿರಾರು ಜನ ಕಿಕ್ಕಿರಿಯುವುದನ್ನು ಫ್ರಾನ್ಸಿನ ಭೌತವಿಜ್ಞಾನಿ ಡೆನಿ ಬಾರ್ತೊಲೊ ಅವರ ತಂಡ ಎತ್ತರದ ಬಾಲ್ಕನಿಗಳಿಂದ ಚಿತ್ರೀಕರಿಸಿತು. ಸಾಂದ್ರತೆ ಒಂದು ಮಿತಿ ದಾಟಿದ ಕೂಡಲೇ, ಯಾರೂ ಹೇಳದಿದ್ದರೂ, ನೂರಾರು ಜನ ಒಟ್ಟಾಗಿ ವೃತ್ತಾಕಾರದಲ್ಲಿ ತೂಗಾಡತೊಡಗಿದರು. ಒಂದು ಸುತ್ತಿಗೆ ಸುಮಾರು 18 ಸೆಕೆಂಡು. 2025ರಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು. 2010ರಲ್ಲಿ ಜರ್ಮನಿಯ ಡ್ಯೂಸ್‌ಬರ್ಗ್ ಸಂಗೀತೋತ್ಸವದಲ್ಲಿ 21 ಜನ ಸತ್ತರು. ಅಲ್ಲಿನ ವಿಡಿಯೊದಲ್ಲೂ ಇಂಥದೇ ತೂಗಾಟ ಕಂಡಿತು. ಅಂದರೆ ಗುಂಪಿನ ತಲೆಗಳು ಒಂದಾಗಿ ಓಲಾಡುವುದೇ ಎಚ್ಚರಿಕೆ.

2006ರಲ್ಲಿ ಹಜ್ ವೇಳೆ ಮಿನಾದಲ್ಲಿ ನಡೆದ ದುರಂತದ ವಿಡಿಯೊ ನೋಡಿದ ಜನಸಂದಣಿ ಸಂಶೋಧಕ ಡಿರ್ಕ್ ಹೆಲ್ಬಿಂಗ್ ಅವರ ತಂಡಕ್ಕೆ ಇನ್ನೊಂದು ಸುಳಿವು ಸಿಕ್ಕಿತು. ಸರಾಗ ಹರಿವು ಮೊದಲು ನಿಂತು-ಹೊರಟು, ನಿಂತು-ಹೊರಟು ಸಾಗುವಂತಾಯಿತು. ಎಲ್ಲ ದಿಕ್ಕಿಗೂ ಎಳೆದಾಡುವ ಪ್ರಕ್ಷುಬ್ಧ ಸ್ಥಿತಿ ಆಮೇಲೆ ಬಂತು. ಆ ಮೊದಲ ಹಂತದಲ್ಲೇ ಒಳಬರುವವರನ್ನು ತಡೆಯಬೇಕು.

ದಾರಿಗೂ ಲೆಕ್ಕವಿದೆ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಕೈಪಿಡಿಯ ಪ್ರಕಾರ ಸಮತಟ್ಟು ನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 82 ಜನ ಸಾಗಬಹುದು. ತೇರುಬೀದಿಯಿಂದ ಹೊರಗೆ ಎರಡು ಮೀಟರಿನ ಒಂದೇ ಓಣಿ ಇದ್ದರೆ, 10,000 ಜನ ಹೊರಬರಲು ಒಂದು ಗಂಟೆ ಬೇಕು. ಎದುರಿನಿಂದಲೂ ಜನ ಬಂದರೆ ಈ ಲೆಕ್ಕವೂ ಉಳಿಯದು. ಡ್ಯೂಸ್‌ಬರ್ಗ್‌ನಲ್ಲಿ ಒಳಹೋಗುವವರೂ ಹೊರಬರುವವರೂ ಒಂದೇ ದಾರಿಯಲ್ಲಿ ಎದುರುಬದುರಾಗಿದ್ದರು.

ನೆಲವನ್ನೂ ನೋಡಿಕೊಳ್ಳಬೇಕು. 2005ರ ಜನವರಿಯಲ್ಲಿ ಮಹಾರಾಷ್ಟ್ರದ ಮಾಂಢರದೇವಿ ಜಾತ್ರೆಯಲ್ಲಿ ಒಡೆದ ತೆಂಗಿನಕಾಯಿಗಳ ನೀರಿನಿಂದ ಮೆಟ್ಟಿಲುಗಳು ಜಾರುತ್ತಿದ್ದವು. ಭಕ್ತರು ಮುಗ್ಗರಿಸಿ ಬಿದ್ದರು, ಹಿಂದಿನವರು ಅವರ ಮೇಲೆ ಬಿದ್ದರು. ಸತ್ತವರು ಸುಮಾರು 300. ನಮ್ಮಲ್ಲೂ ತೇರಿಗೆ ಹಣ್ಣು-ಜವನ ಎಸೆಯುತ್ತೇವೆ, ಬೀದಿಯಲ್ಲಿ ಈಡುಗಾಯಿ ಒಡೆಯುತ್ತೇವೆ. ಚಿಪ್ಪು, ಹಣ್ಣು ಗುಡಿಸಲು, ಒದ್ದೆ ನೆಲಕ್ಕೆ ಮರಳು ಹಾಕಲು ಪ್ರತ್ಯೇಕ ಮಂದಿ ಇರಲಿ.

ಉತ್ಸವ ಸಮಿತಿಗಳು ಹಿಂದಿನ ದಿನವೇ ಮಾಡಬಹುದಾದ ಸುಲಭದ ತರಬೇತಿಯೊಂದಿದೆ. ನೆಲದ ಮೇಲೆ ಸುಣ್ಣದಲ್ಲಿ ಒಂದು ಮೀಟರಿನ ಚೌಕ ಬರೆದು, ಸ್ವಯಂಸೇವಕರನ್ನು ಮೊದಲು ಇಬ್ಬರು, ಆಮೇಲೆ ನಾಲ್ವರು, ಐವರು ಹೀಗೆ ನಿಲ್ಲಿಸಿ, ಮಹಡಿಯ ಮೇಲಿಂದ ನೋಡಿ. ನಾಲ್ವರ ಚೌಕ ಹೇಗೆ ಕಾಣುತ್ತದೆಂದು ಕಣ್ಣಿಗೆ ಒಗ್ಗಿದರೆ, ಮರುದಿನ ಬೀದಿಯ ಮೇಲೆ ದೃಷ್ಟಿ ಹಾಯಿಸಿ ಅಪಾಯ ಗುರುತಿಸಬಹುದು. ಗುಂಪಿನೊಳಗೆ ಸಿಕ್ಕವರಿಗೆ ಅಕ್ಕಪಕ್ಕದ ತಲೆ ಬಿಟ್ಟರೆ ಏನೂ ಕಾಣುವುದಿಲ್ಲ. ಆದ್ದರಿಂದ ಕೆಲವರು ಎತ್ತರದಲ್ಲಿರಬೇಕು, ಕೈಯಲ್ಲಿ ವಾಕಿಟಾಕಿ ಇರಬೇಕು. ಮೊಬೈಲ್ ನಂಬಬೇಡಿ, ಜನ ಸೇರಿದಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ತುಂಬಿದ ಗುಂಪನ್ನು ಕೈಕೈ ಹಿಡಿದು ತಡೆಯಲು ಸ್ವಯಂಸೇವಕರನ್ನು ನಿಲ್ಲಿಸಲೇಬಾರದು. ಮೊದಲು ನಲುಗುವವರು ಅವರೇ.

ಇಕ್ಕಟ್ಟಿಗೆ ಸಿಕ್ಕಿದವರು ಎರಡೂ ಕೈಗಳನ್ನು ಎದೆಯ ಮುಂದೆ ಮಡಚಿ ಉಸಿರಿಗೆ ಜಾಗ ಉಳಿಸಿಕೊಳ್ಳಿ. ಬಿದ್ದ ಚಪ್ಪಲಿಗೋ ಫೋನಿಗೋ ಬಾಗಬೇಡಿ. ನೂಕಿಗೆ ಎದುರಾಗಿ ನಿಲ್ಲದೆ, ಅಲೆ ಸಡಿಲಗೊಂಡಾಗ ಓರೆಯಾಗಿ ಅಂಚಿನತ್ತ ಸರಿಯಿರಿ.

ಇಷ್ಟೆಲ್ಲ ತಿಳಿದಿದ್ದರೂ ತೇರು ನಿಲ್ಲಿಸಲು, ಬಾಗಿಲು ಮುಚ್ಚಲು ಯಾರಿಗೆ ಅಧಿಕಾರ ಎಂಬುದು ಇತ್ಯರ್ಥವಾಗದಿದ್ದರೆ ಪ್ರಯೋಜನವಿಲ್ಲ. ಪೊಲೀಸರ ಜೊತೆ ಕೂತು ಒಬ್ಬರ ಹೆಸರನ್ನು ಮೊದಲೇ ಗೊತ್ತುಮಾಡಿ. ಎತ್ತರದಲ್ಲಿ ನಿಂತ ಹುಡುಗನೊಬ್ಬ ಸಾಕು ಎಂದಾಗ, ಮುಹೂರ್ತ ಮೀರಿದರೂ, ಗಣ್ಯರು ಕಾದಿದ್ದರೂ, ಆ ಮಾತು ನಡೆಯಬೇಕು. ಬಂದವರೆಲ್ಲ ಮನೆ ಮುಟ್ಟಿದರೇ ಜಾತ್ರೆ ಚೆನ್ನಾಗಿ ನಡೆದಂತೆ.